ಮಾಳಿಗಿ ಕೀಲಿ

ತೀನ್ ಕಂದೀಲ್ ಕಡಿಂದ ಸ್ಟೇಷನ್ನಿಗೆ ಹೋಗೋ ರಸ್ತಾದಾಗ
ಬೇವಿನ ಗಿಡದ ಬುಡಕ ನನ್ನ ಡಬ್ಬಿ ಅಂಗಡಿ.
ಎದುರಿಗೆ ಒಂಬತ್ತು ಅಂತಸ್ತು.
ಮೊದಲ ವರ್ಷ ಹಳ್ಳಿ ಮಂದಿ ಲಿಫ್ಟ್ ನೋಡಾಕಂತನ ಬರ್ತಿದ್ರು,
ವಾಚ್‌ಮನ್ ಹುಸೇನಪ್ಪ ಐದು ರೂಪಾಯಿ ಇಸಕೊಂಡು
ಒಂದು ಸಲ ಮ್ಯಾಲ ಕೆಳಗ ತಿರುಗಿಸಿ ಬಿಡ್ತಿದ್ದ.

ಈಗ ಅದಕ್ಕಿಂತ ಹೆಚ್ಚು ಮಂದಿ.
ಕುತ್ತಿಗಿ ಹಿಂದಕ ಚೆಲ್ಲಿ ಕರ್ರಗಾದ ಕಿಟಕಿ ಎಣಿಸ್ತಾರ.

ಗ್ಯಾಸಂತ. ಅಲ್ಲ, ಏಸಿ ಸಿಡೀತಂತ.
ಐದಕ್ಕ ಪರ್ಮಿಷನ್ ತಗೊಂಡು ಒಂಬತ್ತು ಏರಿಸಿದ್ರಂತ.
ಫೈರ್ ಗಾಡಿ ನಿಚ್ಚಣಿಕಿ ನಾಕಕ್ಕ ಮುಗೀತಲ್ಲ,
ಅದನ್ನ ಕೊಂಡಾವ್ರು ಎಣಿಕಿ ಕಲ್ತಿಲ್ಲೇನು?
ಗ್ವಾಡಿಗುಂಟ ಪೈಪು ಇತ್ತಂತ, ಪೈಪಿನಾಗ ನೀರಿದ್ದಿಲ್ಲಂತ.
ಸತ್ತಾವ್ರು ಐದು. ಅಲ್ಲ, ಏಳು.
ಚಾದ ಅಂಗಡಿ ನಾಗಯ್ಯಸ್ವಾಮಿ ಕಪ್ಪು ತೊಳಕೋತ ಅಂದ:
"ವಾಸ್ತು ಸರಿ ಇದ್ದಿಲ್ಲ, ನಾ ಮೊದಲ ಹೇಳಿದ್ದೆ."
ಯಾರಿಗೆ ಹೇಳಿದ್ದನೋ.

ಮೈಕ್ ಹಿಡದ ಹುಡುಗ ಅವಂಗೂ ಕೇಳಿದ, ಇವಂಗೂ ಕೇಳಿದ:
"ಬೆಂಕಿ ನೋಡಿದಾಗ ನಿಮಗೆ ಹೇಗನ್ನಿಸ್ತು?"

ಮ್ಯಾಲಿನ ನಾಕು ಮನಿ ಬಾಂಡೆ ತಿಕ್ಕೋ ಈರಮ್ಮ
ನನ್ನ ಕಿವಿ ಹತ್ರ ಬಂದು,
"ಒಂದನೇ ತಾರೀಕಾತು, ಚಾಚಾ.
ಪಗಾರ ಯಾರಿಗೆ ಕೇಳ್ಲಿ?" ಅಂದ್ಲು.
ಅಂದು, ಸೆರಗು ಬಾಯಿಗೆ ಒತ್ತಿಕೊಂಡ್ಲು,
ಆಡಬಾರದ್ದು ಆಡಿದವರಂಗ.

ಮಾಳಿಗಿ ಬಾಗ್ಲಕ ಕೀಲಿ ಯಾಕಿತ್ತು?
ನಂಗ ಗೊತ್ತೈತಿ ಯಾಕಿತ್ತಂತ.
ಬ್ಯಾಸಿಗ್ಯಾಗ ಹೆಣ್ಮಕ್ಕಳು ಮ್ಯಾಲ ಮೆಣಸಿನಕಾಯಿ ಹರವಿದ್ರು,
ಘಾಟು ಸೆಕ್ರೆಟರಿ ಸಾಹೇಬ್ರ ಕಿಟಕ್ಯಾಗ ಇಳೀತು.
ಜಗಳ ಆತು. ಕೀಲಿ ಬಂತು.
ಅದಕ್ಕ ಚಾವಿ ಮಾಡಿದಾವ ನಾನು:
ಸೆಕ್ರೆಟರಿಗೆ ಒಂದು, ಟವರಿನ ಹುಡುಗ್ಗ ಒಂದು,
ಹುಸೇನಪ್ಪಗ ಒಂದು. ಅವತ್ತು ಅವ
ಹೊಗಿಯಾಗ ಮೂರು ಕೂಸು ಕೆಳಗ ಹೊತ್ತು ತಂದ,
ಚಾವಿ ಕಿಸೇದಾಗ.
ಪೊಲೀಸ್ರು "ಎಷ್ಟು ಮಾಡಿದಿ?" ಅಂದ್ರು. ಮೂರು ಅಂದೆ.
ಬರಕೊಂಡ್ರು. ಹೋಗು ಅಂದ್ರು.

ನಾಕನೇದು ಯಾರೂ ಕೇಳ್ಲಿಲ್ಲ.

ಯುಗಾದಿ ಆದಮ್ಯಾಗ ಎಂಟನೇ ಅಂತಸ್ತಿನ ಗಿರಿಜಾಬಾಯಿ ಟೀಚರು
ಸಾಬೂನಿನ ಮ್ಯಾಲ ಚಾವಿ ಒತ್ತಿ ತಂದಿದ್ರು,
ಹುಸೇನಪ್ಪ ತೂಕಡಿಸೋ ಮುಂದ ಕದ್ದದ್ದು,
ಕರವಸ್ತ್ರದಾಗ ಸುತ್ತಿ, ಸಾಲಿ ಹುಡುಗಿಯಂಗ ನಕ್ಕೋತ.
"ಶಂಡಿಗಿ ಹಾಕ್ಬೇಕು, ಚಾಚಾ. ನಮ್ಮತ್ತಿಗೂ ಜರಾ ಗಾಳಿ."
ನಾ ಅಂದೆ: ಮಾಲೀಕರ ಚಾವಿ ಇಲ್ದ ಮಾಡಂಗಿಲ್ರಿ ಬಾಯಾರ,
ನಮ್ಮ ಉಸ್ತಾದರು ಕಸಮ್ ಹಾಕಿಸ್ಯಾರ.
ನಲವತ್ತು ವರ್ಷದಾಗ ಒಂದು ಕಳ್ಳಚಾವಿ
ಈ ಕೈಲಿಂದ ಹೋಗಿಲ್ಲ.
"ಭಾಳ ಖರೇ ಮನಷ್ಯಾ ನೀನು" ಅಂದ್ರು.
ಸಾಬೂನು ಇಲ್ಲೇ ಬಿಟ್ಟು ಹೋದ್ರು, ಕೈ ತೊಳಕೋ ಅಂತ.

ಅತ್ತಿ ಸೊಸಿ ಇಬ್ಬರೂ ಕಡೀ ಪಾವಟಿಗಿ ಮ್ಯಾಲ ಸಿಕ್ಕರು.

ಕೈ ತೊಳದೀನಿ ಆ ಸಾಬೂನಿಲೆ, ಎಷ್ಟೋ ಸಲ.
ಚಾವಿ ಹಲ್ಲು ಒಂದೊಂದ ಕರಗಿ
ಈಗ ಬರೇ ಒಂದು ತಗ್ಗು.

ನಿನ್ನಿ ಹೊತ್ತು ಮುಳುಗೋ ಮುಂದ ಒಬ್ಬ ಬಂದ,
ಲಿಂಗಸುಗೂರು ರೋಡಿನ ಹುಡುಗ್ಯಾರ ಹಾಸ್ಟೆಲ್ಲಿನಾವ.
ಹೊಸಾ ಕೀಲಿ, ಎಣ್ಣಿ ವಾಸನಿ ಇನ್ನೂ ಹೋಗಿಲ್ಲ.
"ಮಾಳಿಗಿ ಬಾಗ್ಲದು. ಒಂದು ಡುಪ್ಲಿಕೇಟ್ ಸಾಕು."
ಒಳಗ ಎಷ್ಟು ಮಂದಿ ಹುಡುಗ್ಯಾರು, ಅಂದೆ.
"ನಿನಗ್ಯಾಕ ಬೇಕದು?"

ಹೌದು, ನನಗ್ಯಾಕ.
ಗಿಡದಾಗ ಒಂದೆಲಿ ಅಳ್ಳಾಡವಲ್ಲದು, ಅಷ್ಟು ಸೆಕಿ.
ಕೈಯಾಗಿನ ಅರ ಕೆಳಗಿಟ್ಟೆ.
ಮತ್ತೊಮ್ಮೆ ಕೇಳ್ದೆ.