ತೊಂಬತ್ತು ಸೆಕೆಂಡು

ಯೋಚಿಸಲು ಮೂವತ್ತು, ಹೇಳಲು ತೊಂಬತ್ತು.
ಆಚೆ ಕಡೆ ಯಾರೂ ಇರುವುದಿಲ್ಲ ಎಂದು
ಪತ್ರದಲ್ಲೇ ಬರೆದಿದ್ದಾರೆ, ಬಹಳ ಸೌಜನ್ಯದಿಂದ.
ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ,
ನಾನು ಮಾತಾಡಬೇಕು.
ಯಾರೋ ಯಾವಾಗಲೋ ನೋಡುತ್ತಾರಂತೆ.

ವಿರಾಜಪೇಟೆಯಲ್ಲಿ ಹಂಝಾಕನ ಸ್ಟುಡಿಯೋ
ಎರಡರಿಂದ ಮೂರು ಗಂಟೆವರೆಗೆ ಖಾಲಿ,
ಪಾಸ್‌ಪೋರ್ಟ್ ಸೈಜಿನವರೆಲ್ಲ ಊಟಕ್ಕೆ ಹೋಗಿರುತ್ತಾರೆ.
ನೀಲಿ ಪರದೆ, ಎರಡು ಛತ್ರಿ ದೀಪ,
ಹಲ್ಲುದುರಿದ ಬಾಚಣಿಗೆ,
ಮೊಳೆಗೆ ತೂಗಿದ ಒಂದು ಕಪ್ಪು ಕೋಟು.
ಊರಿನ ಅರ್ಧ ಬಯೋಡಾಟಾ ಅದೇ ಕೋಟು ತೊಟ್ಟಿದೆ.
ನನಗೆ ನನ್ನದೇ ಇದೆ, ಮಂಗಳೂರಿನ ಕಾಲೇಜಿನದು,
ಅಣಕು ನ್ಯಾಯಾಲಯದಲ್ಲಿ ಎರಡು ಸಲ ಸೋತದ್ದು.
ಸೊಂಟದ ಮೇಲೆ ವಕೀಲೆ,
ಕೆಳಗೆ ಹವಾಯಿ ಚಪ್ಪಲಿ.
"ಗಲ್ಲ ಚೂರು ಕೆಳಗೆ" ಅನ್ನುತ್ತಾನೆ ಹಂಝಾಕ.
ಮೂವತ್ತು ವರ್ಷದಿಂದ ಎಲ್ಲರಿಗೂ ಅದೊಂದೇ ಸಲಹೆ.

ನನ್ನ ಮುಖವನ್ನೇ ನೋಡಿದರೆ ಕಣ್ಣು ಕೆಳಗಿಳಿಯುತ್ತದೆ,
ತಪ್ಪು ಮಾಡಿದವಳ ಹಾಗೆ.
ಲೆನ್ಸನ್ನು ನೋಡಿದರೆ
ಬಾವಿಗೆ ಬಗ್ಗಿ ಮಾತಾಡಿದ ಹಾಗೆ.
ಯಾರೋ ಕನ್ನಡಿಗೆ ಅಂಟಿಸಿ ಮರೆತ ಕೆಂಪು ಬಿಂದಿಯನ್ನು
ಹಂಝಾಕ ಉಗುರಲ್ಲಿ ಕಿತ್ತು
ಲೆನ್ಸಿನ ಪಕ್ಕಕ್ಕೆ ಒತ್ತಿದ.
"ಇವರಿಗೆ ಹೇಳು."

ಪ್ರಶ್ನೆ ಒಂದು: ಕಾನೂನೇ ಯಾಕೆ?
ಬಾಯಿಪಾಠವಿತ್ತು. ನ್ಯಾಯದ ಮೇಲಿನ ಒಲವು,
ಸಂವಿಧಾನ, ತಂಡದಲ್ಲಿ ಬೆರೆತು ದುಡಿಯುವ ಗುಣ.
ಅರವತ್ತನಾಲ್ಕು ಸೆಕೆಂಡಿಗೆ ಮುಗಿಯಿತು,
ಉಳಿದ ಇಪ್ಪತ್ತಾರರಲ್ಲಿ ನಾನು ನಗುತ್ತಲೇ ಇದ್ದೆ.

ಕೋರ್ಟಿನ ಊಟದ ಬಿಡುವಿಗೆ ಅಮ್ಮ ಬಂದಳು.
ಬೆರಳ ತುದಿಯಲ್ಲಿ ರಿಬ್ಬನ್ನಿನ ಮಸಿ, ಕೈಯಲ್ಲಿ ಡಬ್ಬಿ.
ನಿಂತೇ ಕೇಳಿದಳು ರೆಕಾರ್ಡಾದದ್ದನ್ನು.
"ಚೆನ್ನಾಗುಂಟು," ಅಂದಳು.
"ಯಾರ ಅಫಿಡವಿಟ್ಟು?"

ಇಪ್ಪತ್ತೆರಡು ವರ್ಷದಿಂದ ಅಮ್ಮ
ಮುನ್ಸೀಫ್ ಕೋರ್ಟಿನೆದುರು ಟೈಪ್ ಮಾಡುತ್ತಾಳೆ.
ಆ ಮೇಜಿನ ಕೆಳಗೆ ನಾನು ಅಕ್ಷರ ಕಲಿತದ್ದು,
ಎಸೆದ ಕಾರ್ಬನ್ನನ್ನು ಬಿಸಿಲಿಗೆ ಹಿಡಿದು:
ಉಲ್ಟಾ ಸಾಲು, ಕಪ್ಪು ಹಾಳೆ, ಬೆಳಕಿನ ಅಕ್ಷರ.
ಸದರಿ, ಮೇಲ್ಕಂಡ, ಎದುರುದಾರ.
ಆಮೇಲೆ ಎಲ್ಲಕ್ಕೂ ಒಂದೇ ಬಾಲ:
ನನ್ನ ತಿಳಿವು ಮತ್ತು ನಂಬಿಕೆಯ ಮಟ್ಟಿಗೆ ಸತ್ಯ.

ಬಿಟ್ಟಂಗಾಲದ ಲೈನ್ ಮನೆಯಿಂದ ಕರ್ಪಿ ಬಂದಿದ್ದಳು.
ನನಗೆ ಒಂಬತ್ತು ಇರಬೇಕು.
ಮಳೆಗಾಲದ ಕೂಲಿ ಬಾಕಿ, ಖಾಲಿ ಮಾಡು ಅಂದ ಕೋಣೆ.
ವಕೀಲರು ಹೇಳಿ ಬರೆಸಿದ ಮೂರು ಪುಟವನ್ನು
ಅಮ್ಮ ಓದಿ ಹೇಳಿದಳು. ಹೆಬ್ಬೆಟ್ಟಿಗೆ ಮಸಿ ಹಚ್ಚಿಯೂ ಆಗಿತ್ತು.
ಕರ್ಪಿ ಹೆಬ್ಬೆಟ್ಟನ್ನು ಗಾಳಿಯಲ್ಲೇ ಹಿಡಿದು ಕೇಳಿದಳು:
"ಎಲ್ಲ ಸರಿ ಅಕ್ಕಾ.
ನಾನು ಹೇಳಿದ್ದು ಇದರಲ್ಲಿ ಎಲ್ಲುಂಟು?"

ಮರುದಿನ ಪ್ರಶ್ನೆ ಮೂಡಿತು.
ಮೂವತ್ತನ್ನು ಯೋಚಿಸದೆ ಕಳೆದೆ.
ಹೊರಗೆ ಮಾಕುಟ್ಟಕ್ಕೆ ಇಳಿಯುವ ಲಾರಿಯೊಂದು
ಗಡಿಯಾರ ಕಂಬದ ಬಳಿ ಹಾರ್ನು ಒತ್ತುತ್ತಲೇ ಇತ್ತು,
ಅದೂ ರೆಕಾರ್ಡಾಗಿರಬಹುದು.
ಬಿಂದಿಗೆ ಹೇಳಿದೆ
ಮೇಜಿನ ಕೆಳಗಿಂದ, ಕಾರ್ಬನ್ನಿನಿಂದ,
ಗಾಳಿಯಲ್ಲಿ ನಿಂತ ಆ ಹೆಬ್ಬೆಟ್ಟಿನಿಂದ ಶುರುಮಾಡಿ.
ತಂಡದಲ್ಲಿ ದುಡಿಯುವ ಗುಣ ಮರೆತೇಹೋಯಿತು.
"ಆಗ ನನ್ನಮ್ಮ ಆ ಹಾಳೆಗಳನ್ನು ಬದಿಗಿಟ್ಟು—"
ಅನ್ನುವಷ್ಟರಲ್ಲಿ ವೃತ್ತ ಮುಚ್ಚಿತು.
ಧನ್ಯವಾದ. ನಿಮ್ಮ ಉತ್ತರ ದಾಖಲಾಗಿದೆ.

ಅಮ್ಮ ಹೊಸ ಹಾಳೆ ಸುತ್ತಿದ್ದು,
"ನೀನೇ ಹೇಳು ಕರ್ಪೀ, ನಾನು ಹೊಡೀತೇನೆ" ಅಂದದ್ದು,
ವಕೀಲರು ಕೂಗಾಡಿದ್ದು, ಸಂಜೆಯ ಬಸ್ಸು ತಪ್ಪಿದ್ದು
ಯಾವುದೂ ದಾಖಲಾಗಿಲ್ಲ.
ಮಡಿಕೇರಿಗೋ ಮುಂಬೈಗೋ ನನಗೆ ಗೊತ್ತಿಲ್ಲದ ಒಂದು ಕೋಣೆಗೆ
ಅರ್ಧ ವಾಕ್ಯ ಏರುತ್ತಿದೆ,
ಶೇಕಡಾ ನಲವತ್ತು, ನಲವತ್ತೊಂದು,
ಇಲ್ಲಿಯ ಸಿಗ್ನಲ್ಲಿನ ಪುಣ್ಯದಷ್ಟು.

"ಮುಗೀತಾ?" ಹಂಝಾಕ ಪರದೆ ಸರಿಸಿದ.
ಮೂರು ಗಂಟೆ. ಬಾಗಿಲಲ್ಲಿ ಎಳೆಗೂಸು ಹಿಡಿದು ದಂಪತಿ,
ಮಸ್ಕತ್ತಿಗೆ ಪಾಸ್‌ಪೋರ್ಟ್ ಆಗಬೇಕು.
ಕೋಟು ಬಿಚ್ಚಿ ಮಡಿಚಿಕೊಂಡೆ.
ಅವರು ಚಿಟಿಕೆ ಹೊಡೆದರು, ಬೀಗದ ಕೈ ಅಲ್ಲಾಡಿಸಿದರು,
ಮಗು ಯಾರ ಕಡೆಗೂ ತಿರುಗಲಿಲ್ಲ.
ಬಿಂದಿಯನ್ನೇ ನೋಡುತ್ತಿತ್ತು.