ಉತ್ತರ ಹೇಳುವಂತಿಲ್ಲ

ಮೊದಲ ನಿಯಮ ಇದೇ: ನಾನು ಉತ್ತರ ಹೇಳುವಂತಿಲ್ಲ.
ಗಂಟೆಗೆ ಹದಿನೇಳು ಡಾಲರ್ ಕೊಡುವುದು
ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ಕೂರುವುದಕ್ಕೆ.
ತರಬೇತಿಯಲ್ಲಿ ಹಾಗೇ ಹೇಳಿದ್ದರು:
ಕೇಳಿದರೆ ತಿರುಗಿ ಕೇಳು,
ಪಕ್ಕದವರತ್ತ ಚೆಂಡು ಎಸೆ,
ಮೌನಕ್ಕೆ ಹೆದರಬೇಡ, ಒಳಗೊಳಗೇ ಹತ್ತು ಎಣಿಸು.

ಹೆದರುತ್ತೇನೆ. ಏಳಕ್ಕೇ ನನ್ನ ಬಾಯಿ ತೆರೆದುಕೊಳ್ಳುತ್ತದೆ.

ಡಿಸೆಂಬರ್. ಫ್ರೆಸ್ನೋದ ಮೇಲೆ ಮಂಜು
ಒಗೆದು ಹಿಂಡದ ಕಂಬಳಿಯಂತೆ ಬಿದ್ದುಕೊಂಡಿದೆ.
ತೊಂಬತ್ತೊಂಬತ್ತರ ಹೆದ್ದಾರಿಯಲ್ಲಿ ಲಾರಿಗಳು
ತಮ್ಮ ಬೆಳಕನ್ನು ತಾವೇ ಹಿಂಬಾಲಿಸುತ್ತ ತೆವಳುತ್ತಿವೆ.
ಬರುತ್ತೇವೆಂದವರು ಇಪ್ಪತ್ತೆರಡು, ಬಂದದ್ದು ಒಂಬತ್ತು.
ನಾಳೆ ಎಂಟಕ್ಕೆ ಅನಾಟಮಿ ಪರೀಕ್ಷೆ.
ಬಿಳಿ ಹಲಗೆಯ ಮೇಲೆ ಯಾರೋ ಬಿಟ್ಟುಹೋದ ಅರ್ಧ ಕಿಡ್ನಿ,
ಎಷ್ಟು ಉಜ್ಜಿದರೂ ಹೋಗದು.

ಅರಾಕ್ಸಿ ಒಣ ಏಪ್ರಿಕಾಟಿನ ಡಬ್ಬಿ ತಂದಿದ್ದಾಳೆ,
ಅಜ್ಜಿ ಕೊಟ್ಟದ್ದಂತೆ, ಯಾರನ್ನೂ ಕೇಳದೆ ಮೇಜಿನ ಸುತ್ತ ಕಳಿಸುತ್ತಾಳೆ.
ಡೆಶಾನನ ಪುಸ್ತಕದಲ್ಲಿ ಬಣ್ಣ ಬಳಿಯದ ಸಾಲೇ ಉಳಿದಿಲ್ಲ.
ಎಲ್ಲರಿಗಿಂತ ಹಿಂದೆ ಎವರಾರ್ದೊ, ನಲವತ್ತೊಂದು ವಯಸ್ಸು,
ಒಣದ್ರಾಕ್ಷಿ ಶೆಡ್ಡಿನ ರಾತ್ರಿಪಾಳಿಗೆ ಹೋಗಬೇಕು,
ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡಿದ್ದಾನೆ.
ಇಡೀ ಸೆಮಿಸ್ಟರ್ ಒಂದು ಮಾತಾಡಿದವನಲ್ಲ.

ಹೃದಯ, ಎಂದು ಬರೆದೆ.
(ನನ್ನಮ್ಮನ ಹ್ಮಾಂಗ್ ಮಾತಿನಲ್ಲಿ ಸಂಕಟಕ್ಕೆ ಒಡೆಯುವುದು
ಹೃದಯವಲ್ಲ, ಯಕೃತ್ತು. ಅದು ಬೇರೆ ಅಧ್ಯಾಯ.)
ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ?
ಹೀಟರಿನ ಗುರುಗುರು. ಒಂದು, ಎರಡು, ಮೂರು.
ಪಾಕೂ, ಸುಮ್ಮನೆ ಹೇಳಿಬಿಡೇ.
ನಾಲ್ಕು, ಐದು.
ಡೆಶಾನ್ ಮಗ್ಗಿಯ ಹಾಗೆ ಗಡಗಡ ಒಪ್ಪಿಸಿದ:
ಹೃತ್ಕರ್ಣ ಹೃತ್ಕುಕ್ಷಿ ಹೃತ್ಕರ್ಣ ಹೃತ್ಕುಕ್ಷಿ,
ನಡುವೆ ಶ್ವಾಸಕೋಶವನ್ನೇ ನುಂಗಿಬಿಟ್ಟ.
ನಿನ್ನ ರೋಗಿ ಸತ್ತ, ಅಂದಳು ಅರಾಕ್ಸಿ.
ನಕ್ಕೆವು. ನಗುನಗುತ್ತಲೇ ನನಗೆ ಹೊಳೆಯಿತು:
ಏಳಿ, ಮೇಜು ಸರಿಸಿ.

ಕುರ್ಚಿಗಳಿಂದ ನಾಲ್ಕು ಕೋಣೆ ಕಟ್ಟಿದೆವು.
ಕೋಟುಗಳನ್ನು ಸಾಲಾಗಿ ಹಾಸಿ ನಡುಗೋಡೆ.
ಕರ್ಣವೆಂದರೆ ಕಿವಿ, ಬಂದವರನ್ನು ಕೇಳಿಸಿಕೊಳ್ಳುತ್ತದೆ;
ಕುಕ್ಷಿಯೆಂದರೆ ಹೊಟ್ಟೆ, ಒತ್ತಿ ಆಚೆ ನೂಕುತ್ತದೆ.
ನಾಲ್ವರು ಕವಾಟ: ಹೋಗುವವರಿಗೆ ತೋಳು ತೆರೆ,
ಹಿಂದಕ್ಕೆ ಬಂದರೆ ಮುಚ್ಚು. ಉಳಿದವರು ರಕ್ತ.
ಕಾರಿಡಾರಿನ ನೀರಿನ ಯಂತ್ರವೇ ಶ್ವಾಸಕೋಶ,
ಹೋಗುವಾಗ ಕೈಯಲ್ಲಿ ನೀಲಿ ಪೆನ್ನು, ಬರುವಾಗ ಕೆಂಪು.
ಕಸ ಗುಡಿಸಲು ಬಂದ ಮುದುಕ ಬಾಗಿಲಲ್ಲಿ ಇಣುಕಿದ,
ಅರಾಕ್ಸಿ ಅವನನ್ನೂ ತಡೆದಳು:
ಇಲ್ಲಿ ಒಂದೇ ಕಡೆ ದಾರಿ, ಸ್ವಾಮಿ.

ಆರನೆಯ ಸುತ್ತಿನಲ್ಲಿ ಹರ್ಲೀನ್ ನಿಂತುಬಿಟ್ಟಳು.
ಮಗು ಇನ್ನೂ ಹೊಟ್ಟೆಯಲ್ಲಿರುತ್ತಲ್ಲ, ಅದು ಉಸಿರಾಡಲ್ಲ.
ಮತ್ತೆ ರಕ್ತ ಅಷ್ಟು ದೂರ ಸುತ್ತಿ ಏನು ಮಾಡುತ್ತೆ?

ಎಲ್ಲರೂ ನನ್ನ ಮುಖ ನೋಡಿದರು.
ಪಾಕೂ ನಿಯಮ ಪಾಲಿಸುತ್ತಿದ್ದಾಳೆ ಅಂದುಕೊಂಡರು.
ನನಗೆ ಗೊತ್ತಿರಲಿಲ್ಲ.
ಹೋದ ವರ್ಷ ನಾನು ಫೇಲಾದದ್ದು ಇಂಥದೇ ಒಂದು ಪುಟದಲ್ಲಿ,
ಮರಳಿ ಕಟ್ಟಿ ಪಾಸಾದಾಗ ಅದು ಬರಲೇ ಇಲ್ಲ, ಓದಲೂ ಇಲ್ಲ.
ಮೊದಲ ಸಲ ಹತ್ತರವರೆಗೂ ಎಣಿಸಿದೆ.

ಹನ್ನೊಂದಕ್ಕೆ ಎವರಾರ್ದೊ ಬಗ್ಗಿದ.
ಮೇಲಿನೆರಡು ಕೋಣೆಗಳ ನಡುವೆ
ಗೋಡೆಯಿಂದ ಒಂದು ಕೋಟು ಎತ್ತಿದ.
ಇಲ್ಲಿ, ಅಂದ. ಇಲ್ಲೊಂದು ಕಿಂಡಿ. ಅಡ್ಡದಾರಿ.
ಹುಟ್ಟಿದ ಮೇಲೆ ತಾನೇ ಮುಚ್ಚಿಕೊಳ್ಳಬೇಕು.
ನನ್ನ ಮಗಳದ್ದು ಮುಚ್ಚಲಿಲ್ಲ.

ಹೀಟರ್ ಕೂಡ ಆ ಹೊತ್ತಿಗೇ ನಿಂತಿತ್ತು.
ಈಗ? ಅಂದ ಡೆಶಾನ್.
ಈಗ ಮೂರನೇ ಕ್ಲಾಸು. ಗೋಲ್ ಕೀಪರ್.
ಏನನ್ನೂ ಒಳಕ್ಕೆ ಬಿಡುವುದಿಲ್ಲ.

ಗಡಿಯಾರ ನೋಡಿ ಕೋಟು ಹಾಕಿಕೊಂಡ,
ಅವನದೇ ಕೋಟು ಅದು. ಮಂಜಿನೊಳಗೆ ಹೊರಟುಹೋದ.
ಗೋಡೆಯಲ್ಲಿ ಜಾಗ ಹಾಗೇ ಖಾಲಿ ಇತ್ತು.
ಹರ್ಲೀನ್ ಅದರೊಳಗೆ ಒಮ್ಮೆ ಈಚೆಯಿಂದ ಆಚೆ ದಾಟಿದಳು,
ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ಕವಾಟಗಳೂ.

ಕುರ್ಚಿ ತಿರುಗಿ ಜೋಡಿಸಿ ಫಾರಂ ತುಂಬಿದೆ.
ಹಾಜರಿ ಒಂಬತ್ತು. ವಿಷಯ ಹೃದಯ.
ನಾಯಕಿ ನೇರವಾಗಿ ಕೊಟ್ಟ ಉತ್ತರಗಳು: ಸೊನ್ನೆ.
ಮೇಲ್ವಿಚಾರಕಿ ಮೆಚ್ಚಿಯಾಳು.
ಡಬ್ಬಿಯಲ್ಲಿ ಎರಡು ಏಪ್ರಿಕಾಟ್ ಉಳಿದಿದ್ದವು,
ಒಂದನ್ನು ಮುದುಕನಿಗೆ ಕೊಟ್ಟೆ.