ಮುಪ್ಪು, ಹನ್ನೊಂದು ಮೈಕ್ರಾನ್

ಶ್ಚೆಚಿನ್ ಹಡಗುಕಟ್ಟೆಯ ಮೂರನೇ ಶೆಡ್ಡಿನಲ್ಲಿ
ಹಲ್ಲು ಕಡಿಯುವ ಚಳಿ. ಹೀಟರಿನ ಎರಡು ಕಡ್ಡಿಗಳಲ್ಲಿ
ಒಂದಕ್ಕೆ ಮಾತ್ರ ಜೀವ.
ಪರದೆಯ ಮೇಲೆ ನಾನು ಕಟ್ಟಿದ ಗುಡ್ಡ:
ಎಡಕ್ಕೆ ಕಡಿದಾದ ಏರು, ಬಲಕ್ಕೆ ಉದ್ದನೆಯ ಇಳಿಜಾರು,
ನೂರಾ ಇಪ್ಪತ್ತು ಕಿಲೋವೋಲ್ಟಿನ ಅಂಚಿಗೆ ಬಂದು ಸೊನ್ನೆ.
ನಡುವೆ ನೆಟ್ಟಗೆ ಎದ್ದ ಸೂಜಿಗಳು,
ಐವತ್ತೊಂಬತ್ತರ ಹತ್ತಿರ ಒಂದು ಜೋಡಿ, ಅರವತ್ತೇಳರಲ್ಲಿ ಗಿಡ್ಡದೊಂದು:
ಟಂಗ್‌ಸ್ಟನ್ ಒತ್ತಿದ ಹೆಬ್ಬೆಟ್ಟು.

ಎಲೆಕ್ಟ್ರಾನು ಓಡಿಬಂದು ಗುರಿಗೆ ಬಡಿದು ತಡೆಯುತ್ತದೆ.
ತಡೆದ ಓಟವೇ ಕಾಣದ ಬೆಳಕು.
ನೂರರಲ್ಲಿ ತೊಂಬತ್ತೊಂಬತ್ತು ಪಾಲು ಬರೀ ಬಿಸಿ;
ಉಳಿದೊಂದು ಪಾಲಿಗೆ ಇಷ್ಟೆಲ್ಲ ತಾಮ್ರ, ಎಣ್ಣೆ, ಕೇಬಲ್ಲು,
ಇಷ್ಟೆಲ್ಲ ನಾನು.

ಕೆಲಸ ಹೇಳಲು ಸುಲಭ.
ಫೆರಿಯ ಅಲ್ಯೂಮಿನಿಯಂ ಗೋಡೆಯ ಬೆಸುಗೆಯೊಳಗೆ
ಗಾಳಿಗುಳ್ಳೆ ಇದ್ದರೆ, ಬಿರುಕಿದ್ದರೆ,
ಈ ಟ್ಯೂಬಿನ ಕಣ್ಣಿಗೆ ಬೀಳುವುದೋ ಇಲ್ಲವೋ
ಗುಂಡಿ ಒತ್ತುವ ಮೊದಲೇ ಲೆಕ್ಕ ಹೇಳಬೇಕು.
ಹೇಳಲಿಲ್ಲ.

ಹತ್ತು ಮೆಟ್ಟಿಲ ಅಲ್ಯೂಮಿನಿಯಂ ತುಂಡಿಟ್ಟು
ನಿಜದ ಚಿತ್ರ ತೆಗೆದೆ, ಲೆಕ್ಕದ ಚಿತ್ರ ತೆಗೆದೆ.
ದಪ್ಪ ಮೆಟ್ಟಿಲುಗಳಲ್ಲಿ ಎರಡೂ ಒಂದೇ ತಾಯ ಮಕ್ಕಳು.
ತೆಳು ಮೆಟ್ಟಿಲಿಗೆ ಬಂದರೆ
ಪರಿಚಯವೇ ಇಲ್ಲದವರ ಹಾಗೆ ಮುಖ ತಿರುಗಿಸುತ್ತವೆ.
ನನ್ನ ಗುಡ್ಡದಲ್ಲಿ ಮೆತ್ತನೆಯ ಕಿರಣಗಳು ಹೆಚ್ಚು,
ಮೊದಲ ಮಿಲಿಮೀಟರಿನಲ್ಲೇ ಸೋತು ಕೂರುವ ಕಿರಣಗಳು.
ನಿಜದಲ್ಲಿ ಅವು ಹೊರಗೇ ಬಂದಿಲ್ಲ.

ಮೂರು ವಾರ.
ಡಿಟೆಕ್ಟರನ್ನು ಬೈದೆ. ಬೆರಿಲಿಯಂ ಕಿಟಕಿಯನ್ನು ಮತ್ತೆ ಅಳೆದೆ.
ಗುರಿಯ ಓರೆ ಇಪ್ಪತ್ತು ಡಿಗ್ರಿಯೇ, ಹತ್ತೊಂಬತ್ತೇ?
ನೂರು ಕೋಟಿ ಫೋಟಾನುಗಳಿಗೆ ದಾಳ ಹಾಕಿ
ಒಂದೊಂದನ್ನೇ ಕಳಿಸಿ, ಎಣಿಸಿ, ಬೆಳಗಾದ ಮೇಲೆ
ಅದೇ ತಪ್ಪನ್ನು ಇನ್ನೂ ನುಣುಪಾಗಿ ಪಡೆದೆ.

ಬೊಗುಮಿವ್ ಬಂದದ್ದು ಥರ್ಮಾಸು ಮರೆತಿದ್ದಕ್ಕೆ.
ನಿವೃತ್ತಿಯಾಗಿ ಆರು ವರ್ಷ; ವಾರಕ್ಕೆರಡು ಸಲ ಏನಾದರೂ ಮರೆಯುತ್ತಾರೆ.
ಡೆವಲಪರಿನ ಕಂದು ಇನ್ನೂ ಉಗುರಂಚಿನಲ್ಲಿದೆ.
ಎರಡು ಗೆರೆಗಳನ್ನೂ ನೋಡಿದರು, ಕನ್ನಡಕ ಹಣೆಗೇರಿಸಿ
ಬರಿಗಣ್ಣಲ್ಲಿ ಇನ್ನೊಮ್ಮೆ ನೋಡಿದರು.
‘ಹಾಲ್ಷ್ಕಾ, ಕೂಸಿನ ಅಳತೆ ಹಿಡಿದು
ಮುದುಕನಿಗೆ ಅಂಗಿ ಹೊಲಿದಿದ್ದೀಯಲ್ಲ.’

ಬೀರುವಿನ ಕೆಳಖಾನೆಯಿಂದ ತೆಗೆದರು ಒಂದು ಲೋಹದ ಗುಂಡು:
ಇದೇ ಟ್ಯೂಬಿನ ಜೊತೆ ಬಂದದ್ದು, ಮೊದಲೇ ಸತ್ತದ್ದು,
ಕೊಯ್ದು ಇಟ್ಟುಕೊಂಡಿದ್ದರಂತೆ, ಕಾಗದ ಹಾರದಿರಲೆಂದು.
‘ಉಗುರು ಎಳೆ.’
ಎಳೆದೆ. ಅಂಚೆಲ್ಲ ಕನ್ನಡಿ.
ನಡುವೆ, ಎಲೆಕ್ಟ್ರಾನು ಬಿದ್ದ ಎಡೆಯಲ್ಲಿ,
ಲಾರಿ ಓಡಿದ ಡಾಂಬರಿನಂತೆ ಬಿರುಕು, ತರಿ ತರಿ.
ಕಾದು, ತಣಿದು, ಕಾದು, ತಣಿದು.

ಹುಟ್ಟಿದ ಕಿರಣ ಈಗ ಬಯಲಿಗೆ ಹುಟ್ಟುವುದಿಲ್ಲ;
ಸೀಳಿನ ತಳದಲ್ಲಿ ಹುಟ್ಟಿ
ತನ್ನ ತಾಯ ಗೋಡೆಯನ್ನೇ ತೂರಿ ಬರಬೇಕು.
ಮೆತ್ತನೆಯವು ಅಲ್ಲೇ ಉಳಿಯುತ್ತವೆ.

ಅವರ ನೋಟುಬುಕ್ಕುಗಳು ಒಂಬತ್ತು, ಒಂದಕ್ಕೆ ರಟ್ಟಿಲ್ಲ.
ತೊಂಬತ್ನಾಲ್ಕರಿಂದ ಪ್ರತಿ ಹೊಡೆತಕ್ಕೂ ಒಂದು ಸಾಲು:
ದಿನ, ವೋಲ್ಟು, ನಿಮಿಷ, ಹಡಗಿನ ನಂಬರು.
ಒಂದು ಕಡೆ: ‘ಇವತ್ತು ಮಗಳ ಮದುವೆ, ಹನ್ನೊಂದಕ್ಕೇ ಮುಚ್ಚಿದೆ.’
ಒಂದು ಕಡೆ ಸಾರಿನ ಕಲೆ, ಬೀಟ್‌ರೂಟು.
ನಿಮಿಷಗಳನ್ನು ಕೂಡುತ್ತ ಸಂಜೆಯಾಯಿತು.

ಆಮೇಲೆ ಗುಡ್ಡದ ಮುಂದೆ ತೆಳುವಾದ ತೆರೆಯೊಂದನ್ನು ಇಳಿಬಿಟ್ಟೆ,
ಟಂಗ್‌ಸ್ಟನ್ನಿನದೇ ತೆರೆ.
ಐದು ಮೈಕ್ರಾನ್: ಸಾಲದು.
ಎಂಟು.
ಹನ್ನೊಂದಕ್ಕೆ ಎಡದ ಏರು ಕುಸಿಯಿತು,
ತೆಳು ಮೆಟ್ಟಿಲುಗಳು ಒಂದೊಂದಾಗಿ
ನಿಜದ ಮೆಟ್ಟಿಲುಗಳ ಮೇಲೆ ಕಾಲಿಟ್ಟು ನಿಂತವು.

ಎಷ್ಟಾಯಿತು ಅದು, ಕೇಳಿದರು.
ಕೂದಲನ್ನು ಆರು ಸೀಳು ಮಾಡಿದರೆ ಒಂದು ಸೀಳು, ಅಂದೆ.
‘ಇಪ್ಪತ್ತೈದು ವರ್ಷಕ್ಕೆ ಇಷ್ಟೇನಾ!’
ನಗುವು ಕೆಮ್ಮಾಗಿ ಸ್ವಲ್ಪ ಹೊತ್ತು ಶೆಡ್ಡಿನಲ್ಲಿ ತಿರುಗಿತು.

ಕಡತದಲ್ಲಿ ಆ ಸಂಖ್ಯೆಗೊಂದು ಹೆಸರು ಬೇಕಿತ್ತು.
‘ಬೊಗುಮಿವ್’ ಎಂದೇ ಬರೆದೆ, ಅವರಿಗೆ ಹೇಳಲಿಲ್ಲ.
ಅವರು ಲೋಹದ ಗುಂಡನ್ನು ಖಾನೆಯೊಳಗಿಟ್ಟು,
ಕಾಲಿಂದ ಬಾಗಿಲು ತಳ್ಳಿ,
ಓಡ್ರಾ ದಂಡೆಯ ಆರನೇ ನಂಬರಿನ ಟ್ರಾಮಿಗೆ ಹೊರಟರು.
ಥರ್ಮಾಸು ಮೇಜಿನ ಮೇಲೇ ಇದೆ.